ಭವ್ಯಾ ಬರೆದಿಟ್ಟದ್ದು, ನಾನು ಅಳಿಸಿದ್ದು

ಪಿ.ಜೆ. ಬಡಾವಣೆಯಲ್ಲಿ ನನ್ನದು ಮದುವೆ ಮನೆಗಳಿಗೆ ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಬುಕಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಡಲು ಎಸ್.ಎಸ್. ಬಡಾವಣೆಯ ಭವ್ಯಾ ನಮ್ಮ ಅಂಗಡಿಯ ಕಂಪ್ಯೂಟರಿನ ಮುಂದೆಯೇ ಕೂರುತ್ತಿದ್ದಳು. ಕೋಡ್ ಬರೆಯುವುದು ಎಐ. ಹೇಳುವುದು, ಬೈಯುವುದು ಇವಳು. ಕೆಲಸದವರ ಜೊತೆ ನಾನು ಮಾಡುವುದೂ ಅದನ್ನೇ, ಆದರೆ ನನ್ನನ್ನು ಯಾರೂ ಇಂಜಿನಿಯರ್ ಅನ್ನುವುದಿಲ್ಲ.

ಮೊದಲು ಅವಳು ಒಂದು ನರ್ಸಿಂಗ್ ಹೋಮಿನ ಕೌಂಟರಿನಲ್ಲಿದ್ದವಳು. ಅಲ್ಲಿ ಪಾಳಿ ಮುಗಿಸಿ ಹೋಗುವವರು ಬರುವವರಿಗೆ ಚೀಟಿ ಬರೆದಿಡಬೇಕು: ಯಾರಿಗೆ ಸಕ್ಕರೆ ಕೊಡಬಾರದು, ಯಾರ ಮಗಳು ಸಂಜೆ ಬರುತ್ತಾಳೆ. ಆ ಅಭ್ಯಾಸ ಇಲ್ಲಿಗೂ ಬಂತು. ದಿನವೂ ಕೆಲಸ ಬಿಟ್ಟು ಏಳುವ ಮೊದಲು ಏನಾಯಿತು, ಯಾಕಾಯಿತು, ಏನನ್ನು ಮುಟ್ಟಬಾರದು ಎಂದು ಒಂದು ಫೈಲಿನಲ್ಲಿ ಬರೆದಿಡುವಳು. ಬೆಳಿಗ್ಗೆ ಎಐಗೆ ಮೊದಲು ಅದನ್ನೇ ಓದಿಸುವಳು.

"ನಿನ್ನೆ ಅಷ್ಟೊತ್ತು ಮಾತಾಡಿದ್ದು ಅದಕ್ಕೆ ನೆನಪಿರಲ್ವಾ?" ಎಂದೆ.

"ಇರಲ್ಲ ಅಣ್ಣ. ದಿನಾ ಹೊಸ ಪಾಳಿ ಅದಕ್ಕೆ. ಬರ್ದಿಟ್ಟಷ್ಟೇ ಗೊತ್ತಿರೋದು."

ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಫೈಲು ತೆರೆದೇ ಇತ್ತು. ಓದಿದೆ. "ಮಾಲೀಕರು ದಿನಕ್ಕೊಂದು ಹೇಳುತ್ತಾರೆ. ಎರಡು ದಿನ ಕಾದು, ಆಮೇಲೂ ಅದೇ ಮಾತಾದರೆ ಬದಲಿಸು." ನಿಜವೇ. ಅದಕ್ಕೇ ಸಿಟ್ಟು ಬಂತು. ಅಳಿಸಿದೆ. ಅದರ ಕೆಳಗಿನ ಸಾಲೂ ಜೊತೆಗೆ ಹೋಯಿತು. ಹೋಗಲಿ ಎಂದುಕೊಂಡೆ.

ಆ ಸಾಲಿನಲ್ಲಿದ್ದದ್ದು ಅನ್ನ, ಸಾರು ಬೇಯಿಸುವ ದೊಡ್ಡ ಡಬರಿಗಳ ವಿಷಯ. ಬಾಡೂಟಕ್ಕೆ ಕೊಡುವ ಡಬರಿಯ ತಳಕ್ಕೆ ನಾವು ಕೆಂಪು ಬಣ್ಣ ಬಳಿಯುತ್ತೇವೆ; ಮಾಂಸ ತಿನ್ನದವರ ಮನೆಗೆ ಅದು ಹೋಗುವಂತಿಲ್ಲ. ಪಟ್ಟಿಯಲ್ಲಿ ದೊಡ್ಡ ಡಬರಿ ಎರಡು ಸಲ ಇದ್ದರೂ ಕೂಡಿಸಬೇಡ, ಒಂದು ಕೆಂಪು ತಳದ್ದು ಎಂದು ಬರೆದಿದ್ದಳು. ಮರುದಿನ ಅವಳು ಪಟ್ಟಿ ಚೊಕ್ಕಟ ಮಾಡು ಎಂದಾಗ, ಏನೂ ಗೊತ್ತಿಲ್ಲದ ಎಐ ಎರಡನ್ನೂ ಒಂದು ಮಾಡಿತು. ಗೋದಾಮಿನ ಕಲ್ಲಪ್ಪ ಬರೀ ದೊಡ್ಡ ಡಬರಿ ಎಂದಿದ್ದ ಬುಕಿಂಗ್ ಚೀಟಿ ನೋಡಿ ಕೈಗೆ ಸಿಕ್ಕಿದ್ದನ್ನು ಹೇರಿದ.

ಹರಿಹರದ ಕಮಲಕ್ಕನ ಮಗಳ ಮದುವೆಗೆ ಹೋದದ್ದು ಕೆಂಪು ತಳದ ಆರು ಡಬರಿ. ಅಡುಗೆಯವರು ಬೋರಲು ಹಾಕಿ ತೊಳೆಯುವಾಗ ಬಣ್ಣ ಕಂಡು ಫೋನ್ ಮಾಡಿಸಿದರು. ಬೇರೆ ಡಬರಿ ಹೇರಿಕೊಂಡು ನಾನೂ ಭವ್ಯಾಳೂ ಓಡಿದೆವು.

"ಏನ್ರಿ ಗುರುಮೂರ್ತಣ್ಣ, ನಮ್ಮ ಬೀಗರಿಗೆ ಕೋಳಿ ಸಾರಿನ ಡಬರ್‍ಯಾಗೆ ಪಾಯಸ ಮಾಡಿ ಉಣ್ಸಾಕ್ ಹೊಂಟಿದ್ರಾ?"

"ನಂದೇನೈತೆ ಕಮಲಕ್ಕ, ಈ ಹುಡುಗಿ ಮಾಡಿದ್ದು," ಎಂದು ಬೆರಳು ತೋರಿಸಿಬಿಟ್ಟೆ.

"ಕಂಪ್ಯೂಟರ್ ಕಲ್ತೋರಿಗೆ ಡಬರಿ ತಿರುವಿ ನೋಡಾಕ್ ಬರಲ್ಲೇನವ್ವ?"

ಬೀಗರೆಲ್ಲ ನೋಡುತ್ತಿದ್ದರು. ಭವ್ಯಾ ತಲೆ ತಗ್ಗಿಸಿದಳು. "ತಪ್ಪು ನಂದೇ ಅಕ್ಕ. ಬರ್ದಿಟ್ಟೀನಿ ಅಂದ್ಕಂಡಿದ್ದೆ. ಬರ್ದಿರ್ಲಿಲ್ಲ."

ಬರೆದಿದ್ದಳು. ಅದು ಗೊತ್ತಿದ್ದವನು ನಾನೊಬ್ಬನೇ. ಡಬರಿ ಇಳಿಸುವ ನೆಪದಲ್ಲಿ ಗಾಡಿಯ ಹಿಂದೆ ಹೋಗಿ ನಿಂತೆ.

ವಾಪಸು ಬಂದು ಅಂಗಡಿಯ ಮೆಟ್ಟಿಲಲ್ಲೇ ಹೇಳಿದಳು: "ನಾಳಿಂದ ಬರಲ್ಲ ಅಣ್ಣ. ನನ್ ಮ್ಯಾಲೆ ನನಗೇ ನಂಬಿಕಿ ಹೋಗೈತೆ."

"ಇವತ್ತಿನ ಚೀಟಿ ಬರ್ದು ಹೋಗವ್ವ. ನಾನು ಹೇಳ್ತೀನಿ," ಎಂದೆ.

ಅವಳು ಒಳಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು. ಡಬರಿಯ ಸಾಲು ಹೇಳಿದೆ. ದಿನಕ್ಕೊಂದು ಹೇಳುವ ಮಾಲೀಕರ ಸಾಲನ್ನೂ ಹೇಳಿದೆ, ಅವಳದೇ ಮಾತುಗಳಲ್ಲಿ. ಅವಳ ಬೆರಳು ನಿಂತವು.

"ಇನ್ನೊಂದು ಬರಿ. ಮಾಲೀಕರು ಕದ್ದು ಓದಿ ಅಳಿಸ್ತಾರೆ. ಅವರ ಕೈಗೆ ಸಿಗದ ಕಡೆ ಒಂದು ನಕಲು ಇಡು."

ಅವಳು ನನ್ನ ಕಡೆ ತಿರುಗಲಿಲ್ಲ. ಬರೆದು ಮುಗಿಸಿದಳು.

"ಕಮಲಕ್ಕಗೆ ಫೋನ್ ಮಾಡ್ರಿ," ಎಂದಳು. "ಈಗ್ಲೇ. ನನ್ ಮುಂದೆ."

ಕಮಲಕ್ಕ ಮದುವೆಯ ಗದ್ದಲದಲ್ಲಿ ಫೋನು ಎತ್ತದಿರಲಿ ಎಂದು ಬೇಡಿಕೊಂಡೆ. ಎರಡನೇ ರಿಂಗಿಗೇ ಎತ್ತಿದರು.