ಎಳ್ಳಮಾವಾಸ್ಯೆಯ ದಿನ ಮೊಸಳೆ ತೋರಿಸಲು ಹೋದದ್ದು

ಕಾಗಿಣಾ ನದಿಯ ನಡುಗಡ್ಡೆಯಲ್ಲಿ ಮೊಸಳೆ ಇದೆ ಎಂದು ನಾನು ಕಚೇರಿಯಲ್ಲಿ ಹೇಳಬಾರದಿತ್ತು. ಹೇಳಿದರೂ ಒಂದೇ ಒಂದು ಇದೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ನನ್ನ ಬಾಯಿ ಅಷ್ಟಕ್ಕೆ ನಿಲ್ಲುವುದಲ್ಲ. ಅಲ್ಲಿ ಮೊಸಳೆಗಳು ಮಸೀದಿಯ ಮೆಟ್ಟಿಲ ಮೇಲಿನ ಚಪ್ಪಲಿಗಳಂತೆ ಸಾಲಾಗಿ ಬಿದ್ದಿರುತ್ತವೆ, ಬೂದು ಬಣ್ಣದ ಕೊಕ್ಕರೆಗಳು ಇಳಿದರೆ ಮರಳು ಕಾಣುವುದಿಲ್ಲ, ಹುಣಸೆಮರದ ಬಾವಲಿಗಳ ಭಾರಕ್ಕೆ ಟೊಂಗೆಗಳು ನೆಲ ಮುಟ್ಟುತ್ತವೆ ಎಂದೆಲ್ಲ ಹೇಳಿಬಿಟ್ಟೆ. ಬಾಗಿಲ ಪರದೆಯ ಹಿಂದೆ ತಹಶೀಲ್ದಾರ ಸಾಹೇಬರು ನಿಂತು ಕೇಳುತ್ತಿದ್ದರು.

ನಾನಾಗ ಚಿತ್ತಾಪುರದ ತಹಶೀಲ ಕಚೇರಿಯಲ್ಲಿ ಉಮೇದ್ವಾರ. ಉಮೇದ್ವಾರನೆಂದರೆ ಮುಂದೊಂದು ದಿನ ನೌಕರಿ ಸಿಕ್ಕೀತು ಎಂಬ ಆಸೆಯ ಮೇಲೆ ಪಗಾರವಿಲ್ಲದೆ ದುಡಿಯುವ ಪ್ರಾಣಿ. ಖಾಯಂ ನೌಕರರ ಕೆಲಸ ಮಾಡಬೇಕು, ಅವರ ಪಾನಿನ ಡಬ್ಬಿ ತುಂಬಿಸಬೇಕು, ಅವರ ಹೆಂಡಂದಿರ ಮೇಲಿನ ಸಿಟ್ಟನ್ನೂ ತಾನೇ ತಿನ್ನಬೇಕು. ನನ್ನ ಹೆಂಡತಿಯ ಸಿಟ್ಟು ತಿನ್ನುವ ಭಾಗ್ಯ ಮಾತ್ರ ನನಗಿನ್ನೂ ಬಂದಿರಲಿಲ್ಲ. ಮದುವೆಯಾಗಿ ಎರಡನೆಯ ದೀಪಾವಳಿ ಕಳೆದರೂ ಅವಳು ಸೇಡಂನ ತೌರಲ್ಲೇ ಇದ್ದಳು. ದೇವಸ್ಥಾನದ ಪೂಜೆ ಮಾಡಿಕೊಂಡಿದ್ದ ನಮ್ಮ ಮಾವ ಖಂಡತುಂಡವಾಗಿ ಹೇಳಿದ್ದರು.

"ಅಳಿಯಂದ್ರ, ನೌಕರಿ ಖಾಯಂ ಆಗ್ಲಿ. ಮರುದಿನಾನೇ ಮಗಳನ್ನ ಕಳಸ್ತೀನಿ. ಉಮೇದ್‌ನ್ಯಾಗ ಎಸರು ಕುದಿಯಂಗಿಲ್ಲ."

ಹೀಗಿರುವಾಗ ತಹಶೀಲ್ದಾರ ಸಾಹೇಬರು ನನ್ನನ್ನು ಒಳಗೆ ಕರೆದರು. ಅವರ ಸೋದರಮಾವ ಹೈದರಾಬಾದಿನಿಂದ ಬರುವವರಿದ್ದರು. ದೊಡ್ಡ ನೌಕರಿಯಿಂದ ನಿವೃತ್ತರಾದವರು, ಕೈಯಲ್ಲಿ ದುರ್ಬೀನು ಹಿಡಿದು ಊರೂರಿನ ಹಕ್ಕಿ, ಪ್ರಾಣಿ ನೋಡುವುದೇ ಅವರ ಶೋಕಿ. "ಅವರನ್ನು ಗಡ್ಡೆಗೆ ಕರೆದೊಯ್ದು ಎಲ್ಲ ತೋರಿಸು. ಅವರು ಖುಷಿಯಾದರೆ ನಿನ್ನ ವಿಚಾರ ನೋಡೋಣ" ಎಂದರು. ಕಣ್ಣ ಮುಂದೆ ಸೇಡಂನಿಂದ ಹೊರಟ ಕಮಾನು ಬಂಡಿಯೊಂದು ಬಂದು ನಿಂತಂತಾಯಿತು.

ದಿನ ಗೊತ್ತುಮಾಡುವುದು ನನ್ನ ಪಾಲಿಗೆ ಬಂತು. ಗೋಡೆಯ ಮೇಲಿನ, ಫಾರಸಿ ತಿಂಗಳುಗಳ ಸರ್ಕಾರಿ ಫಸಲಿ ಕ್ಯಾಲೆಂಡರ್ ನೋಡಿದೆ. ಬಹಮನ್ ತಿಂಗಳು ನಡೆದಿತ್ತು. ಶುಕ್ರವಾರ ಅತಿಥಿ ಸಾಹೇಬರಿಗೆ ನಮಾಜು, ಅದರ ಮರುದಿನ ಅವರು ವಾಡಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೊರಡುವವರು. ಆದ್ದರಿಂದ ಗುರುವಾರ. ಇಷ್ಟು ಜಾಣತನದಿಂದ ನಾನು ಜೀವನದಲ್ಲಿ ಯಾವ ದಿನವನ್ನೂ ಆರಿಸಿರಲಿಲ್ಲ. ನಮ್ಮಪ್ಪ ಊರಿಗೆಲ್ಲ ಪಂಚಾಂಗ ಓದಿ ಹೇಳುವವನು. ಮಗ ಮಾತ್ರ ಚಿತ್ತಾಪುರದ ಬಾಡಿಗೆ ಕೋಣೆಯಲ್ಲಿ ತಿಥಿ, ವಾರ, ನಕ್ಷತ್ರಗಳನ್ನೆಲ್ಲ ಮರೆತು ಬಹಮನ್ ನಂಬಿಕೊಂಡು ಕುಳಿತಿದ್ದ.

ಮುಂಚಿತವಾಗಿ ನದಿಗೆ ಹೋಗಿ ಅಂಬಿಗ ಕಾಕಾನನ್ನು ಕಂಡೆ. ಹರಗೋಲು ಅವನದು, ಗಡ್ಡೆಯ ಮೇಲೆ ಜೋಳ, ಕಡಲೆ ಬೆಳೆಯುವವನೂ ಅವನೇ. ನೀರಿನಾಚೆ ಮೊಸಳೆಯೊಂದು ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು. ನನ್ನ ಪಗಾರವೇ ಅಲ್ಲಿ ಮಲಗಿದೆ ಅನ್ನಿಸಿತು.

"ಕಾಕಾ, ಬರೋ ಗುರುವಾರ ಸಾಹೇಬರನ್ನ ಕರಕೊಂಡು ಬರ್ತೀನಿ."

ಅವನ ಮುಖ ಅರಳಿತು. "ಗುರುವಾರ? ಬರ್ರಿ ಆಚಾರ್ರ, ಬರ್ರಿ! ಕರೀಬೇಕಂತ ನಾನೂ ಮಾಡಿದ್ದೆ. ದೊಡ್ಡೋರು ಬಂದ್ರ ನಮಗೂ ಚಂದ. ಮನಿಯಾಗ ಹೇಳಿಡ್ತೀನಿ."

ಮೊಸಳೆ ನೋಡಲು ಬಂದರೆ ಮನೆಯಲ್ಲಿ ಯಾಕೆ ಹೇಳಿಡಬೇಕು ಎಂಬ ಸಂಶಯ ನನಗೆ ಬರಲಿಲ್ಲ. ಬರಬೇಕಾದ ಸಂಶಯಗಳು ನನಗೆ ಬರುವುದು ಎಲ್ಲ ಮುಗಿದು ಊಟ ಮಾಡುವಾಗ.

ಗುರುವಾರ ಬೆಳಿಗ್ಗೆ ಮಾಮೂ ಸಾಹೇಬರ ಜೊತೆ ಟಾಂಗಾದಲ್ಲಿ ಹೊರಟೆ. ತಹಶೀಲ್ದಾರರ ಸೋದರಮಾವನನ್ನು ಕಚೇರಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಗುಲ್ಬರ್ಗಾದಲ್ಲಿ ಬೆಳೆದವರಾದ್ದರಿಂದ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. ದಾರಿಯುದ್ದಕ್ಕೂ ಬಂಡಿಗಳೋ ಬಂಡಿಗಳು. ಎತ್ತುಗಳ ಕೊಂಬಿಗೆ ಬಣ್ಣ, ಹೆಂಗಸರ ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಬಿಳಿ ಬಟ್ಟೆ.

"ಇಷ್ಟು ಮಂದಿ ಎಲ್ಲಿಗೆ ಹೊಂಟಾರ ಮಿಯಾಂ?"

"ಶಹಾಬಾದ ಸಂತಿ ಇರಬೇಕ್ರಿ" ಎಂದೆ. ಬಂಡಿಗಳೆಲ್ಲ ಶಹಾಬಾದಿಗೆ ಬೆನ್ನು ಹಾಕಿಕೊಂಡು ಹೋಗುತ್ತಿದ್ದವು.

ಹರಗೋಲಿನಲ್ಲಿ ಕುಳಿತೆವು. ಅದು ದುಂಡಗಿನ ತೊಗಲಿನ ಬುಟ್ಟಿ. ಹುಟ್ಟು ಹಾಕುವವನಿಗೆ ಹಿಡಿತವಿದ್ದರೆ ಸುಮ್ಮನೆ ಸಾಗುತ್ತದೆ. ನಾನು ಮಾರ್ಗದರ್ಶಕನಲ್ಲವೇ, ಎದ್ದು ನಿಂತು ಬಲಗಡೆ ಕೈ ಚಾಚಿ, "ಸಾಹೇಬ್ರ, ಇಲ್ಲಿಂದ ಕೊಕ್ಕರೆಗಳ ರಾಜ್ಯ ಸುರು" ಎಂದೆ. ಹರಗೋಲು ಗರಗರ ತಿರುಗಿತು. ತಿರುಗುವುದು ನಿಂತಾಗ ನನ್ನ ಕೈ ನಾವು ಬಿಟ್ಟುಬಂದ ದಂಡೆಯ ಮೇಲಿನ ಕತ್ತೆಯೊಂದನ್ನು ತೋರಿಸುತ್ತಿತ್ತು.

"ಆಚಾರ್ರ, ಕುಂದ್ರಿ! ಇಲ್ಲಾಂದ್ರ ಸಾಹೇಬರಿಗೆ ಮೊಸಳಿನ ಹೊಟ್ಟಿ ಒಳಗಿಂದ ತೋರಸಬೇಕಾಗ್ತದ" ಎಂದ ಕಾಕಾ.

ಗಡ್ಡೆ ಹತ್ತಿರ ಬಂತು. ಆಚೆ ದಂಡೆಯಿಂದ ಇನ್ನಷ್ಟು ಹರಗೋಲುಗಳು ಬಂದು ಮುಟ್ಟಿದ್ದವು. ಕಾಕಾನ ಬೀಗರು, ಬಿಜ್ಜರು, ಮಕ್ಕಳು, ಮೊಮ್ಮಕ್ಕಳು ಮರಳ ತುಂಬ ಹರಡಿದ್ದರು. ಹುಣಸೆಮರಕ್ಕೆ ಸೀರೆಯ ಜೋಕಾಲಿ ಕಟ್ಟಿ ಹುಡುಗಿಯರು ಜೀಕುತ್ತಿದ್ದರು. ಜೋಳದ ಹೊಲದ ನಡುವೆ, ವರ್ಷಕ್ಕೊಮ್ಮೆ ಪೂಜೆಗೆ ಕೂರಿಸುವ, ಸುಣ್ಣ ಬಳಿದ ಐದು ಕಲ್ಲಿನ ಪಾಂಡವರು. ಅವರನ್ನು ಕಂಡ ಕೂಡಲೇ ನನಗೆ ತಿಥಿ ನೆನಪಾಯಿತು.

ಎಳ್ಳಮಾವಾಸ್ಯೆ! ನಮ್ಮ ಸೀಮೆಯಲ್ಲಿ ನಡೆಯಲು ಬರುವವರೆಲ್ಲ ನಡೆದು, ಬಾರದವರು ಬಂಡಿಯಲ್ಲಿ, ಹೊಲಕ್ಕೆ ಹೋಗಿ ಭೂಮಿತಾಯಿಗೆ ಉಣಿಸಿ ತಾವೂ ಉಣ್ಣುವ ದಿನ. ವರ್ಷದಲ್ಲಿ ಆ ಗಡ್ಡೆಯ ಮೇಲೆ ಒಂದು ಹಕ್ಕಿಯೂ ಕೂರಲಾರದ ದಿನವೆಂದರೆ ಇದೊಂದೇ. ಬಹಮನ್ ತಿಂಗಳನ್ನೆಲ್ಲ ಜಾಲಾಡಿ ನಾನು ಅದನ್ನೇ ಆರಿಸಿದ್ದೆ.

"ಕಾಕಾ, ಇವತ್ತು ಅಮಾಸಿ ಅಂತ ಯಾಕ ಹೇಳಲಿಲ್ಲ?" ಎಂದು ಹಲ್ಲು ಕಚ್ಚಿ ಕೇಳಿದೆ.

"ಪಂಚಾಂಗದೋರ ಮಗನಿಗೆ ನಾ ಅಮಾಸಿ ಹೇಳಬೇಕೇನ್ರಿ? ಸಾಹೇಬರನ್ನ ಉಣಲಿಕ್ಕೆ ಕರಕೊಂಡು ಬರ್ತೀರಂತ ತಿಳದೆ. ಮೊಸಳಿ ನೋಡಲಿಕ್ಕ ಯಾರಾರ ಇವತ್ತ ಬರ್ತಾರೇನು?"

ಅಷ್ಟರಲ್ಲಿ ಕಾಕಾನ ತಮ್ಮಂದಿರು ಭೂಮಿತಾಯಿಯ ಪಾಲಿನ ಚರಗ ಚೆಲ್ಲಲು ಹೊರಟರು. ಒಬ್ಬ ಪೈರಿನ ನಡುವೆ ಅನ್ನ ಕಡುಬು ಎರಚುತ್ತ, ಇನ್ನೊಬ್ಬ ಹಿಂದಿನಿಂದ ನೀರು ಚಿಮುಕಿಸುತ್ತ, ಇಬ್ಬರೂ ಗಂಟಲು ಹರಿಯುವಂತೆ ಕೂಗುತ್ತ ಹೊಲ ಸುತ್ತಿದರು. ದೂರದ ಮರಳಲ್ಲಿ ಅಳಿದುಳಿದಿದ್ದ ಕೊಕ್ಕರೆಗಳೂ ಒಮ್ಮೆಲೇ ಎದ್ದು ಸೇಡಂ ದಿಕ್ಕಿಗೆ ಹಾರಿದವು. ನನ್ನ ಮಾವನಿಗೆ ಸುದ್ದಿ ಮುಟ್ಟಿಸಲು ಹೋದಂತಿತ್ತು.

"ಮಿಯಾಂ, ಕೊಕ್ಕರಿ ಎಲ್ಲಿ ಅದಾವ?" ಎಂದು ಮಾಮೂ ಸಾಹೇಬರು ದುರ್ಬೀನು ಕಣ್ಣಿಗೆ ಒತ್ತಿಕೊಂಡೇ ಕೇಳಿದರು.

"ಈಗ ಮೊಸಳಿ ಹೊತ್ತುರಿ, ಕೊಕ್ಕರಿ ಆಮ್ಯಾಲ." ನನ್ನ ಕಣ್ಣು ಗಡ್ಡೆಯ ತುದಿಯತ್ತ ಓಡಿತು. ಆಹಾ! ಮರಳ ಮೇಲೆ ಉದ್ದಕ್ಕೆ, ಕಪ್ಪಗೆ, ಗಂಟುಗಂಟಾಗಿ ಮಲಗಿತ್ತು. ದೇವರು ದೊಡ್ಡವನು. "ಸಾಹೇಬ್ರ, ಅಲ್ಲಿ! ಮಾತಾಡಬ್ಯಾಡ್ರಿ. ಭಾಳ ಹಳೀ ಮೊಸಳಿ ಅದು. ನನಗ ಗುರುತು ಅದ."

ಸಾಹೇಬರು ಬಹಳ ಹೊತ್ತು ನೋಡಿದರು. ದುರ್ಬೀನು ಸರಿಮಾಡಿಕೊಂಡು ಮತ್ತೆ ನೋಡಿದರು.

"ಮಿಯಾಂ, ನಿನ್ನ ಮೊಸಳಿ ಬೀಡಿ ಸೇದಲಿಕತ್ತದ."

ಅದು ಕಾಕಾನ ಬೀಗ, ಕರಿಕಂಬಳಿ ಹೊದ್ದು ಬಿಸಿಲಿಗೆ ಮಲಗಿದ್ದ. ಗಡ್ಡೆಯ ಹೆಂಗಸರೆಲ್ಲ ನಕ್ಕ ನಗೆಗೆ ಬಾವಲಿಗಳೂ ಎದ್ದುಹೋದವು. ಜೋಕಾಲಿಯಿಂದಾಗಿ ಅವಕ್ಕೆ ಮೊದಲೇ ನಿದ್ದೆ ಕೆಟ್ಟಿತ್ತು. ಹೋಗುವಾಗ ನನ್ನ ಒಂದೇ ಒಂದು ಕೋಟಿನ ಮೇಲೆ ಹೆಗಲುದ್ದಕ್ಕೂ ತಮ್ಮ ಮೊಹರು ಒತ್ತಿದವು. ಮಾಮೂ ಸಾಹೇಬರು ಅಂದು ಕಂಡ ವನ್ಯಜೀವಿಗಳ ಪೈಕಿ ಅದೇ ಮುಖ್ಯವಾದದ್ದು.

"ನಡೀರಿ ಸಾಹೇಬ್ರ, ಆ ಕಡಿ ದಂಡಿಗೆ ಹೋಗೋಣ" ಎಂದು ಹೊರಡಿಸಲು ನೋಡಿದೆ. ಕಾಕಾನ ಹೆಂಡತಿ ಅಡ್ಡ ನಿಂತಳು.

"ಯಪ್ಪಾ, ಇವತ್ತ ಹೊಲಕ್ಕ ಬಂದವ್ರು ಉಣದಂಗ ಹೋಗಬಾರದ್ರಿ. ಭೂಮ್ತಾಯಿ ಸಿಟ್ಟಾಗ್ತಾಳ. ಹರಗೋಲಾ ಬಿಡಂಗಿಲ್ಲ."

ಸಾಹೇಬರು ಆಗಲೇ ಚಪ್ಪಲಿ ಕಳಚಿದ್ದರು. ಸಜ್ಜೆ ರೊಟ್ಟಿ, ಹತ್ತು ನಮೂನೆ ಕಾಳು ತರಕಾರಿ ಕೂಡಿಸಿ ಕುದಿಸಿದ ಭಜ್ಜಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಗಡಿಗೆಯ ತಣ್ಣನೆ ಅಂಬಲಿ. ಅವರು ಊಟ ಮಾಡಿದರೆನ್ನುವುದು ಸರಿಯಲ್ಲ, ಊಟದೊಳಗೆ ಇಳಿದುಹೋದರು.

"ನೀ ಯಾಕ ಉಣವಲ್ಲಿ ಮಿಯಾಂ?"

ಉತ್ತರವನ್ನು ಕಾಕಾನ ಹೆಂಡತಿಯೇ ಕೊಟ್ಟಳು. "ಅವ್ರು ಆಚಾರ್ರರಿ. ನಮ್ಮ ಕೈಯಾಗಿನದು ಉಂಡಾರಂತ ಸೇಡಂ ಮಂದಿಗಿ ಗೊತ್ತಾದ್ರ ಹೆಣ್ತಿನ್ನ ಕಳಸಂಗಿಲ್ಲ. ತಗೋರಿ ಆಚಾರ್ರ, ಇದಕ್ಕೇನೂ ಮೈಲಿಗಿಲ್ಲ," ಎಂದು ಹಸಿ ಕಡಲೆಗಿಡದ ಸಿವುಡೊಂದನ್ನು ನನ್ನ ಮುಂದೆ ಹಾಕಿದಳು. ಎಮ್ಮೆಗೂ ಅವಳು ಹಾಗೇ ಹಾಕುತ್ತಿದ್ದಳು. ಭಜ್ಜಿಯ ಘಮ ಮೂಗಿಗೆ, ಹಸಿ ಕಡಲೆ ಬಾಯಿಗೆ. ಮಾವನನ್ನು ನಾನು ಅಷ್ಟು ಬೈದದ್ದು ಮತ್ತೆಂದೂ ಇಲ್ಲ.

ಊಟವಾದ ಮೇಲೆ ಗಡ್ಡೆಗೆ ಗಡ್ಡೆಯೇ ಮಲಗಿತು. ಕೂಗಿದವರು ಮಲಗಿದರು, ಜೋಕಾಲಿ ನಿಂತಿತು. ಸಾಹೇಬರು ಬೀಡಿ ಸೇದುವ ಮೊಸಳೆಯ ಪಕ್ಕದಲ್ಲೇ ಅರ್ಧ ಕಂಬಳಿ ಇಸಿದುಕೊಂಡು ಗೊರಕೆ ಹೊಡೆದರು. ಹೊಟ್ಟೆ ಖಾಲಿಯಿದ್ದವನು ನಾನೊಬ್ಬ, ಹಾಗಾಗಿ ಎಚ್ಚರವಿದ್ದವನೂ ನಾನೊಬ್ಬ.

ಆಗ ಅದು ಬಂತು. ಮೊದಲು ನೀರ ಮೇಲೆ ಕಣ್ಣಿನ ಎರಡು ಉಬ್ಬು. ಆಮೇಲೆ ಮೂತಿ. ಆಮೇಲೆ ಗಡ್ಡೆಯ ಇನ್ನೊಂದು ತುದಿಯ ಮರಳಿನ ಮೇಲೆ ಮೆಲ್ಲಗೆ, ಸಂಜೆ ಮನೆಗೆ ಬಂದ ಯಜಮಾನನ ಗತ್ತಿನಲ್ಲಿ, ಬಾಲದ ತುದಿಯವರೆಗೂ ಹೊರಗೆ ಬಂದು ಬಾಯಿ ತೆರೆದು ಮಲಗಿತು. ಅದರ ಬೆನ್ನ ಮೇಲೊಂದು ಪುಟ್ಟ ಹಕ್ಕಿಯೂ ಬಂದು ಕುಳಿತಿತು. ಮೊಸಳೆಯ ಮೇಲೆ ಹಕ್ಕಿ! ನನ್ನ ನೌಕರಿ ಮತ್ತು ಬಡ್ತಿ ಎರಡೂ ಒಟ್ಟಿಗೆ.

"ಸಾಹೇಬ್ರ! ಸಾಹೇಬ್ರ, ಏಳ್ರಿ! ಮೊಸಳಿ!"

"ಬೀಡಿ ಕೊಡು ಅದಕ್ಕ," ಎಂದು ಮಗ್ಗುಲು ತಿರುಗಿದರು.

ಕಾಲು ಹಿಡಿದು ಅಲುಗಿಸಿದೆ. ಕಂಬಳಿ ಎಳೆದೆ. ಬೀಗ ಎದ್ದು ಬೈದ. ಕೊನೆಗೆ ಸಾಹೇಬರು ಎದ್ದು ಕುಳಿತು, ಕಣ್ಣು ತಿಕ್ಕಿ, ಮೊದಲು ಕನ್ನಡಕ ಹುಡುಕಿದರು, ಆಮೇಲೆ ದುರ್ಬೀನು ಹುಡುಕಿದರು. ದುರ್ಬೀನು ಕಾಕಾನ ಹೆಂಡತಿಯ ಕೊರಳಲ್ಲಿತ್ತು. ನಮ್ಮ ಗದ್ದಲಕ್ಕೆ ಎದ್ದಿದ್ದ ಅವಳು ಆಚೆ ದಂಡೆಯಲ್ಲಿದ್ದ ತನ್ನ ನಾದಿನಿ ಉಟ್ಟ ಸೀರೆ ನೋಡುತ್ತಿದ್ದಳು. "ತಾ ಯವ್ವಾ" ಎಂದು ನಾನು ಕಿರುಚಿದೆ. ಆ ಕೂಗಿಗೆ ಮೊಸಳೆ ಮೈ ಜಾರಿಸಿ ನೀರೊಳಗೆ ಹೋಯಿತು. ಸಾಹೇಬರು ದುರ್ಬೀನು ಹಚ್ಚಿದಾಗ ಅಲ್ಲಿದ್ದದ್ದು ಒದ್ದೆ ಮರಳು.

"ಈಗ ಇಲ್ಲೇ ಇತ್ತುರಿ! ಬೆನ್ನ ಮ್ಯಾಲ ಹಕ್ಕಿ ಕುಂತಿತ್ತು!"

"ಹಕ್ಕಿನೂ ಬೀಡಿ ಸೇದತಿತ್ತೇನು?" ಎಂದು ಕೇಳಿದ ಬೀಗ.

ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಆಣೆ ಮಾಡಿದೆ. ಸಾಹೇಬರು ಮಡಿಲಲ್ಲಿ ಹೋಳಿಗೆಯ ಗಂಟು ಇಟ್ಟುಕೊಂಡು ತಲೆ ಆಡಿಸುತ್ತಿದ್ದರು. ನಂಬಿ ಆಡಿಸುತ್ತಿದ್ದರೋ ತೂಕಡಿಸಿ ಆಡಿಸುತ್ತಿದ್ದರೋ ತಿಳಿಯಲಿಲ್ಲ. ನನ್ನ ಉಮೇದು ಅಲ್ಲಿಗೆ ಮುಗಿಯಿತೆಂದು ಆ ಸಂಜೆ ನಾನು ಕೋಟಿನ ಹೆಗಲು ಉಜ್ಜುತ್ತ ಕುಳಿತೆ. ಕಲೆ ಹೋಗಲಿಲ್ಲ.

ಆದರೆ ಕೆಲವು ದಿನಕ್ಕೆ ತಹಶೀಲ್ದಾರ ಸಾಹೇಬರು ಕರೆದರು. "ಮಾಮೂಗೆ ನೀನು ಭಾಳ ಪಸಂದ ಬಂದೀಯಪಾ. ಊಟ ಬಿಟ್ಟು, ನಿದ್ದಿ ಬಿಟ್ಟು ಮೊಸಳಿ ಕಾಯ್ತಾನ, ಇಲ್ಲದ ಮೊಸಳಿನೂ ಕಾಣ್ತಾನ, ಇಂಥ ಹುಚ್ಚನ್ನ ಕಚೇರಿಯಾಗ ಇಟ್ಟು ಯಾಕ ಹಾಳು ಮಾಡ್ತೀರಿ ಅಂದ್ರು. ಅವರ ಮಗಳ ಗಂಡ ಜಂಗಲಾತ್‌ನ್ಯಾಗ, ಅಡವಿ ಇಲಾಖೆಯಾಗ ಇದ್ದಾರ. ಚಿಂಚೋಳಿ ಅಡವಿಗೆ ನಿನ್ನನ್ನ ಕಾಗದ ಬರಿಯೋ ಮೊಹರೀರ್ ಮಾಡ್ಯಾರ. ಖಾಯಂ."

ಖಾಯಂ! ಚಿಂಚೋಳಿ ಅಡವಿ ಎಂಬುದು ಆ ಕ್ಷಣಕ್ಕೆ ಕಿವಿಗೆ ಬೀಳಲೇ ಇಲ್ಲ. ಅದೇ ದಿನ ಸೇಡಂಗೆ ಓಡಿದೆ. ಮಾವನ ಕಿವಿ ಮಾತ್ರ ಚುರುಕು.

"ಚಿಂಚೋಳಿ ಅಡವ್ಯಾಗ? ಹುಲಿ ಇರೋ ಕಡಿ? ನನ್ನ ಮಗಳನ್ನ ನೌಕರಿ ಇದ್ದಲ್ಲಿಗಿ ಕಳಸ್ತೀನಿ ಅಂದಿದ್ದೆ, ಹುಲಿ ಇದ್ದಲ್ಲಿಗಿ ಅಲ್ಲ."

ನಾನು ಬಾಯಿ ಬಿಡುವಷ್ಟರಲ್ಲಿ ಅಡಿಗೆಮನೆಯ ಬಾಗಿಲ ಮರೆಯಿಂದ ದನಿ ಬಂತು. ಮದುವೆಯಾದ ಮೇಲೆ ಅವಳು ಅಪ್ಪನೆದುರು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ಗಡ್ಡಿ ಮ್ಯಾಲ ಮೊಸಳಿ ಕಂಡಿತಂತಲ್ರಿ, ಖರೇನು?"

ಸೇಡಂಗೂ ಸುದ್ದಿ ಬಂದಿತ್ತು. "ಖರೇನೇ. ನನಗ ಕಂಡಿತು."

"ಮತ್ಯಾರಿಗೂ ಕಾಣಲಿಲ್ಲ?"

"ಯಾರಿಗೂ ಇಲ್ಲ."

"ಹಂಗಾರ ಹುಲಿನೂ ನಿಮಗಷ್ಟ ಕಾಣ್ತದ. ಅಪ್ಪಾ, ನನಗೇನು ಹೆದರಿಕಿ ಇಲ್ಲ. ನಾ ಹೋಗ್ತೀನಿ."

ಮಾವ ಎದ್ದು ಗೂಟಕ್ಕೆ ಸಿಕ್ಕಿಸಿದ್ದ ಪಂಚಾಂಗ ತೆಗೆದು ಹಾಳೆ ತಿರುವಿದರು.

"ಕಳಸ್ತೀನಿ ಅಂದ ಮಾತು ತಪ್ಪಂಗಿಲ್ಲ. ಆದ್ರ ಅಳಿಯಂದ್ರ, ಎಳ್ಳಮಾಸಿ ಮುಗೀತಲ್ಲ, ಈಗ ಪುಷ್ಯಮಾಸ. ಹೆಣ್ಣಮಕ್ಕಳನ್ನ ಗಂಡನ ಮನಿಗಿ ಕಳಸೋ ತಿಂಗಳಲ್ಲ. ಪಂಚಾಂಗದೋರ ಮನ್ಯಾಗ ಹುಟ್ಟಿ ಇದೂ ಗೊತ್ತಿಲ್ಲೇನು?"

ಬಾಗಿಲ ಹಿಂದೆ ಬಳೆಗಳು ಒಮ್ಮೆ ಜೋರಾಗಿ ಸದ್ದು ಮಾಡಿದವು. ಅದು ಸಿಟ್ಟೆಂದು ನನಗೆ ಗೊತ್ತಾಯಿತು. ಕೊನೆಗೂ ನನ್ನ ಪಾಲಿಗೆ ಬಂದ ಹೆಂಡತಿಯ ಸಿಟ್ಟು. ಯಾರ ಮೇಲಿನದೆಂದು ಕೇಳುವ ಧೈರ್ಯ ಬರಲಿಲ್ಲ.

ಈಗ ಚಿಂಚೋಳಿಯ ಅಡವಿಯಂಚಿನ ಕೋಣೆಯಲ್ಲಿ ಒಬ್ಬನೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹುಲಿ ಇನ್ನೂ ಕಂಡಿಲ್ಲ, ನನಗೂ. ಕಚೇರಿಯವರು ಗೋಡೆಗೆ ಹೊಸ ಫಸಲಿ ಕ್ಯಾಲೆಂಡರ್ ತೂಗುಹಾಕಿ ಹೋಗಿದ್ದರು. ಅದನ್ನು ಕಿತ್ತು ರೊಟ್ಟಿ ಸುತ್ತಿಡಲು ಇಟ್ಟುಕೊಂಡಿದ್ದೇನೆ. ಆ ಮೊಳೆಗೆ ಅಪ್ಪನಿಂದ ತರಿಸಿಕೊಂಡ ಪಂಚಾಂಗ ಸಿಕ್ಕಿಸಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತೇನೆ. ಮಧ್ಯಾಹ್ನವೂ ನೋಡುತ್ತೇನೆ. ಈ ಹಾಳು ಪುಷ್ಯ ಮಾತ್ರ ಉಂಡು ಮಲಗಿದ ಮಾಮೂ ಸಾಹೇಬರಂತೆ, ಎಷ್ಟು ಅಲುಗಿಸಿದರೂ ಏಳುತ್ತಿಲ್ಲ.