ಷರಾ ಬರೆಯದೆ ಮರಳಿಸಿದ ಅಪೀಲು

ಥಾಣೆ ಜಿಲ್ಲೆಯ ಕೋರ್ಟೊಂದರಲ್ಲಿ ಕಾಗದಪತ್ರ ತೆಗೆದುಕೊಳ್ಳುವ ಗುಮಾಸ್ತನಾಗಿ ಮುಂಡಪ್ಪನಿಗೆ ಇಪ್ಪತ್ತೊಂಬತ್ತು ವರ್ಷ ಸಂದಿತ್ತು. ಅಂದು ಸಂಜೆ ನಾಲ್ಕೂಕಾಲಿಗೆ ಕಿಟಕಿಯೊಳಗೆ ಬಂದ ಅಪೀಲನ್ನು ಅವನು ಎರಡು ನಿಮಿಷವೂ ನೋಡಲಿಲ್ಲ. ತೀರ್ಪಿನ ಸರ್ಟಿಫೈಡ್ ಕಾಪಿ ಇರಲಿಲ್ಲ. "ನಾಳೆ ತನ್ನಿ" ಎಂದು ಹಿಂದಕ್ಕೆ ತಳ್ಳಿದ.

"ಸಾಹೇಬ್ರ, ಇವತ್ತ ಕಡೀ ದಿನ ಐತ್ರಿ" ಎಂದಳು ವಿಠ್ಠಲವಾಡಿಯ ದ್ರೌಪದಿ. ಮನೆ ಖಾಲಿ ಮಾಡಬೇಕೆಂಬ ತೀರ್ಪಿನ ವಿರುದ್ಧ ಬಂದವಳು. ಅವನು ಆಗಲೇ ಮುಂದಿನವರತ್ತ ಕೈ ಚಾಚಿದ್ದ. ಮರಳಿಸಿದ್ದೇಕೆಂದು ಒಂದು ಷರಾ ಸಹ ಬರೆಯಲಿಲ್ಲ.

ಅಪೀಲಿನ ಅವಧಿ ದಾಟಿತು. ಮುಂಡಪ್ಪನಿಗೆ ಮೊದಲು ನೋಟಿಸು, ಎರಡು ತಿಂಗಳ ಮೇಲೆ ಅವನ ಡೊಂಬಿವ್ಲಿಯ ಮನೆಗೆ ಸಮನ್ಸು. ದ್ರೌಪದಿ ಅವನ ಮೇಲೆಯೇ ದಾವೆ ಹೂಡಿದ್ದಳು.

"ಇವರೇ, ಪೆನ್ಶನ್‌ಗೆ ಎಂತದೂ ಆಗ್ಲಿಕ್ಕಿಲ್ಲ ಅಲ್ವಾ?" ಹೆಂಡತಿ ಜಯಲತಾ ಕೇಳಿದಳು. ಮುಂಡಪ್ಪ ಸಮನ್ಸನ್ನು ಮತ್ತೊಮ್ಮೆ ಓದಿದ.

ಸರ್ಕಾರಿ ವಕೀಲರು ಧೈರ್ಯ ತುಂಬಿದರು. "ಕೋರ್ಟಿನ ಕೆಲಸದಲ್ಲಾದ ತಪ್ಪಿಗೆ, ಕೆಟ್ಟ ಉದ್ದೇಶ ತೋರಿಸದ ಹೊರತು ಗುಮಾಸ್ತನ ಮೇಲೆ ದಾವೆ ನಿಲ್ಲೋದಿಲ್ಲ. ನೀವು ಬಾಯಿ ಬಿಡಬೇಡಿ, ಸಾಕು."

ನ್ಯಾಯಾಧೀಶರೂ ಅದನ್ನೇ ಹೇಳಿ ದಾವೆ ತಳ್ಳಿಹಾಕಿದರು. "ತಡವಾದದ್ದನ್ನು ಮನ್ನಿಸಿ ಎಂದು ಅಪೀಲಿನ ಕೋರ್ಟಿಗೇ ಅರ್ಜಿ ಹಾಕಬಹುದಿತ್ತಲ್ಲ?" ಎಂದು ಕೇಳಿದರು.

"ಯಾರೂ ಹೇಳಲಿಲ್ಲ" ಎಂದಳು ದ್ರೌಪದಿ.

ಮುಂಡಪ್ಪನಿಗೆ ನೆನಪಾಯಿತು. ಅಪೀಲು ಮರಳಿಸಿದ ಮರುದಿನ ಅವಳು ಮತ್ತೆ ಕಿಟಕಿಗೆ ಬಂದಾಗ ಆ ಅರ್ಜಿಯ ಮಾತು ಅವನ ನಾಲಗೆಯ ಮೇಲಿತ್ತು. ಆದರೆ ಹೇಳದೆ, ಊಟದ ಹೊತ್ತೆಂದು ಎದ್ದು ಹೋಗಿದ್ದ.

ಈಗ ಹೊರಗೆ ಮೆಟ್ಟಿಲಿಳಿಯುತ್ತಿದ್ದವಳನ್ನು ಓಡಿ ಹೋಗಿ ತಡೆದ.

"ಗೆದ್ದೀರಲ್ಲ, ಇನ್ನೇನ್ರಿ?"

"ಈಗಲೂ ಅರ್ಜಿ ಹಾಕಿ. ಕೊನೆಯ ದಿನ ನೀವು ಬಂದಿದ್ರಿ, ನಾನೇ ಷರಾ ಬರೆಯದೆ ಕಳಿಸಿದೆ ಅಂತ ಅಫಿಡವಿಟ್ ಕೊಡ್ತೇನೆ."

ಅವಳು ನಂಬಲಿಲ್ಲ. "ಬಾಯಿಮಾತು ಬ್ಯಾಡ. ಈಗ್ಲೇ ನಡೀರಿ."

"ತಲೆ ಕೆಟ್ಟಿದೆಯಾ? ಇಲಾಖೆ ನಿಮ್ಮನ್ನು ಬಿಡುತ್ತಾ?" ವಿಷಯ ತಿಳಿದ ಸರ್ಕಾರಿ ವಕೀಲರು ಸಿಡಿದರು. ಮುಂಡಪ್ಪ ಅಫಿಡವಿಟ್ಟಿಗೆ ಸಹಿ ಹಾಕಿದ.

ಕೋರ್ಟು ತಡವನ್ನು ಮನ್ನಿಸಿ ಅಪೀಲು ದಾಖಲಾಯಿತು, ಮನೆ ಖಾಲಿ ಮಾಡಿಸುವುದಕ್ಕೆ ತಡೆ ಸಿಕ್ಕಿತು. ಅದೇ ವಾರ ಮುಂಡಪ್ಪನಿಗೆ ಮೆಮೊ ಬಂತು. ವಿಚಾರಣೆ ನಡೆದು, ಒಂದು ಇನ್‌ಕ್ರಿಮೆಂಟ್ ನಿಂತು, ಅವನನ್ನು ರೆಕಾರ್ಡ್ ರೂಮಿಗೆ ಹಾಕಿದರು. ಪೆನ್ಶನ್ ಎಷ್ಟು ಕಡಿಮೆಯಾಗುತ್ತದೆಂದು ಜಯಲತಾ ಲೆಕ್ಕ ಹಾಕಿದಳು.

ದ್ರೌಪದಿ ಅಪೀಲು ಗೆದ್ದು ಮನೆ ಉಳಿಸಿಕೊಂಡದ್ದು ವರ್ಷಗಳ ನಂತರ, 2016ರಲ್ಲಿ. ಆಗ ಮುಂಡಪ್ಪ ನಿವೃತ್ತನಾಗಿದ್ದ. ಹಳೆಯ ಸಹೋದ್ಯೋಗಿಯೊಬ್ಬ ಫೋನ್ ಮಾಡಿ ತಿಳಿಸಿದ.