ಸಬ್ಬತ್ತಿನ ಬೆಳಗಿನ ಬಿಸಿನೀರು

ಬೋಗುಣಿಯ ಅಂಚು ಒಂದು ಕಡೆ ನೆಗ್ಗಿತ್ತು. ಆ ನೆಗ್ಗಿನ ಹತ್ತಿರ ಬೆರಳಿಟ್ಟಾಗ ನೀರು ಬೆಚ್ಚಗಿತ್ತು.

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ಹೇಳಿದರೆ ಸುಮ್ಮನೆ ಕೇಳಿಸಿಕೊಂಡು, ಮನಸ್ಸಿನಲ್ಲೇ ಒಂದು ಕಾರಣ ಹುಡುಕುತ್ತಿದ್ದೆ. ಇದಕ್ಕೆ ಮಾತ್ರ ಇನ್ನೂ ಸಿಕ್ಕಿಲ್ಲ.

ನನ್ನ ಮುತ್ತಜ್ಜ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಗಡದ ಬೋಧಕರು. ಅರಸೀಕೆರೆಯಿಂದ ಊರೂರು ನಡೆದು ಬೋಧಿಸುತ್ತಾ ಬಂದು, ಹಳೇಬೀಡಿನಲ್ಲಿ ಒಂದು ಸಣ್ಣ ಚರ್ಚು ಕಟ್ಟಿದರು. ಶುಕ್ರವಾರ ಹೊತ್ತು ಮುಳುಗಿದರೆ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಶುರು. ಶನಿವಾರ ಸಂಜೆಯವರೆಗೆ ಅವರ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಮೊದಲು ಒಬ್ಬರ ಪಾದವನ್ನು ಇನ್ನೊಬ್ಬರು ತೊಳೆಯುವುದು ನಮ್ಮ ಸಭೆಯ ಪದ್ಧತಿ. ಮುದುಕರಿಗೆ ತಣ್ಣೀರು ಆಗದೆಂದು ಅವರು ಶುಕ್ರವಾರವೇ ನೀರು ಕಾಯಿಸಿ, ಹಂಡೆಯನ್ನು ಬಿಸಿಬೂದಿಯಲ್ಲಿ ಹೂತು, ಬೆಳಗಿನವರೆಗೆ ಬೆಚ್ಚಗಿಡುತ್ತಿದ್ದರಂತೆ.

ಅವರು ತೀರಿಕೊಂಡದ್ದೂ ಒಂದು ಶುಕ್ರವಾರ. ಸಬ್ಬತ್ತಿನಲ್ಲಿ ಗುಂಡಿ ತೋಡಬಾರದೆಂದು ಅವರ ಹಿರಿಯ ಮಗಳಾದ ನನ್ನ ಅಜ್ಜಿ ಹೊತ್ತು ಮುಳುಗುವ ಮೊದಲೇ ಮಣ್ಣು ಮಾಡಿಸಿದರು. ಬಿಕ್ಕೋಡಿನಿಂದ ಅಜ್ಜಿಯ ತಂಗಿ, ನನ್ನ ಚಿಕ್ಕಜ್ಜಿ, ಬರುವಷ್ಟರಲ್ಲಿ ಕತ್ತಲಾಗಿತ್ತು. ಅಪ್ಪನ ಮುಖ ನೋಡಲು ಬಿಡದ ಅಕ್ಕನ ಜೊತೆ ಚಿಕ್ಕಜ್ಜಿ ಮಾತು ಬಿಟ್ಟರು. ತಂಗಿಯ ಪಾದ ತೊಳೆಯದೆ ಭೋಜನ ಮುಟ್ಟುವುದಿಲ್ಲವೆಂದು ಅಜ್ಜಿಯೂ ಅಂದಿನಿಂದ ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದರು.

ಅಜ್ಜಿಯ ಹೃದಯ ಸೋಲುತ್ತಿದೆ ಎಂದು ವೈದ್ಯರು ಹೇಳಿದ ಮೇಲೆ ನಾನು ಚಿಕ್ಕಜ್ಜಿಗೆ ಫೋನ್ ಮಾಡಿದೆ. ಮಾಗಿಯ ಚಳಿಯ ಒಂದು ಶನಿವಾರ, ಭೋಜನವಿದ್ದ ದಿನ, ಅವರು ನೇರವಾಗಿ ಚರ್ಚಿಗೇ ಬಂದರು.

"ಸಬ್ಬತ್ ದಿನ ಬಸ್ ಹತ್ತಿದ್ಯೇನೇ?" ಅಷ್ಟು ವರ್ಷಗಳ ನಂತರ ಅಜ್ಜಿ ಆಡಿದ ಮೊದಲ ಮಾತು ಅದು.

"ಹೂಂ. ಹೊತ್ತು ನೋಡೋದು ನಿನ್ ಕೆಲ್ಸ, ಬಸ್ ನೋಡೋದು ನಂದು," ಎಂದು ಚಿಕ್ಕಜ್ಜಿ ಪಾದಗಳನ್ನು ಸೀರೆಯೊಳಕ್ಕೆ ಎಳೆದುಕೊಂಡು ಕೂತರು.

ಅಂಗಳದ ನಲ್ಲಿಯಿಂದ ನಾನೇ ಬೋಗುಣಿ ತುಂಬಿಸಿ ತಂದು ಅವರ ಮುಂದಿಟ್ಟೆ. ನೀರು ಬೆರಳು ಕೊರೆಯುವಷ್ಟು ತಣ್ಣಗಿತ್ತು. ಅಜ್ಜಿ ಕಷ್ಟಪಟ್ಟು ಮಂಡಿಯೂರಿದರು. ಚಿಕ್ಕಜ್ಜಿ ಬೋಗುಣಿಯನ್ನು ಆಚೆ ನೂಕಲೆಂದೇ ಕಾಲು ಚಾಚಿದರು. ಹೆಬ್ಬೆರಳು ನೀರಿಗೆ ತಾಗಿತು. ಕಾಲು ಅಲ್ಲೇ ನಿಂತಿತು.

"ಅಕ್ಕಾ," ಎಂದರು. "ಬೂದೀಲಿ ಇಟ್ಟ ನೀರು ಕಣಕ್ಕ ಇದು. ಅಪ್ಪಂದು."

ಅಜ್ಜಿ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಗಲೇ ನಾನು ಬೆರಳಿಟ್ಟು ನೋಡಿದ್ದು. ಚಳಿಗೆ ಮರಗಟ್ಟಿದ ಬೆರಳು ಮೋಸ ಮಾಡಿರಬಹುದು. ಆದರೆ ಅದೇ ನಲ್ಲಿಯಿಂದ ತುಂಬಿದ ಪಕ್ಕದ ಬೋಗುಣಿಯನ್ನೂ ಅದೇ ಬೆರಳಿನಿಂದ ಮುಟ್ಟಿದೆ. ಅದು ತಣ್ಣಗೇ ಇತ್ತು.

ಅಂದು ಇಬ್ಬರೂ ಒಟ್ಟಿಗೆ ಭೋಜನ ತೆಗೆದುಕೊಂಡರು.

ಮರುದಿನ ಬೆಳಗ್ಗೆ ಯಾರಿಗೂ ಹೇಳದೆ ಚರ್ಚಿಗೆ ಹೋಗಿ, ಅದೇ ಬೋಗುಣಿ ತುಂಬಿಸಿ, ಅದೇ ಬೆಂಚಿನ ಮುಂದಿಟ್ಟು ಕಾದೆ. ನೀರು ತಣ್ಣಗೆ ಇದ್ದಂತೆಯೇ ಇತ್ತು. ಅಷ್ಟರಲ್ಲಿ ಚಿಕ್ಕಜ್ಜಿ ಹೊರಗಿನಿಂದ ಕೂಗಿದರು: "ಬಾರೇ, ಅಪ್ಪನ ಸಮಾಧಿ ತೋರ್ಸು ಅಂದ್ರೆ ನಿಮ್ಮಜ್ಜಿ ಇಲ್ಲೇ ಏದುಸಿರು ಬಿಡ್ತಾವ್ಳೆ!" ನೀರು ಚೆಲ್ಲಿ, ಬೋಗುಣಿಯನ್ನು ಬೋರಲು ಹಾಕಿ, ಅಜ್ಜಿಯ ಇನ್ನೊಂದು ಕೈ ಹಿಡಿದುಕೊಳ್ಳಲು ಹೊರಗೆ ಹೋದೆ.